ಕೊಂಬು, ಕತ್ತಿ ಮತ್ತು ನನ್ನ ಸ್ವಚ್ಛವಾದ ಫೋನು

ಗಡಿ ದಾಟುವ ಜನ ಇರುವ ತನಕ ಗಡಿಯಲ್ಲಿ ನಗೆಪಾಟಲಾಗುವವರಿಗೂ ಕೊರತೆ ಇಲ್ಲ. ಮಸ್ಕತ್ತಿನ ದಾರ್ಸೈಟಿನಲ್ಲಿರುವ ನಮ್ಮ ಕಟ್ಟಡದಲ್ಲಂತೂ ಒಬ್ಬರು ದುಬೈಗೆ ಹೋಗಿಬಂದರೆ ಒಂದು ಕಥೆ, ಇನ್ನೊಬ್ಬರು ಊರಿನಿಂದ ಬಂದಿಳಿದರೆ ಮತ್ತೊಂದು ಕಥೆ. ಹಿಂದೆಲ್ಲ ಈ ಕಥೆಗಳು ಪೆಟ್ಟಿಗೆಯ ಸುತ್ತ ಇರುತ್ತಿದ್ದವು. ಉಪ್ಪಿನಕಾಯಿ ಸೋರಿತು, ಹಪ್ಪಳ ಪುಡಿಯಾಯಿತು, ಮಾದಕವಸ್ತುವೆಂದು ಈ ಕೊಲ್ಲಿ ದೇಶಗಳಿಗೆ ತರಬಾರದ ಗಸಗಸೆ ಸೀರೆಯ ಮಡಿಕೆಯಿಂದ ಉದುರಿತು, ಇತ್ಯಾದಿ. ಈಗ ಪೆಟ್ಟಿಗೆಯ ಕಾಲ ಮುಗಿದು ಫೋನಿನ ಕಾಲ ಬಂದಿದೆ.

ಗಡಿಯ ಅಧಿಕಾರಿಗಳಿಗೆ ಸಂಶಯ ಬಂದರೆ ನಮ್ಮ ಫೋನು, ಲ್ಯಾಪ್‌ಟಾಪು ತೆರೆಸಿ, ನಿಷೇಧಿತವಾದದ್ದು ಏನಾದರೂ ಇದೆಯೇ ಎಂದು ನೋಡುವ ಅಧಿಕಾರ ಇದೆಯಂತೆ. ಎಲ್ಲರದ್ದನ್ನೂ ನೋಡುವುದಿಲ್ಲ. ಅಪರೂಪಕ್ಕೆ ಒಬ್ಬರದ್ದು ನೋಡುತ್ತಾರೆ. ಆದರೆ ಆ ಒಬ್ಬರು ನಮ್ಮ ಕಟ್ಟಡದವರೇ ಆಗಿರುತ್ತಾರೆ.

ನನಗೆ ಈ ತಪಾಸಣೆಯ ಬಗ್ಗೆ ತಕರಾರಿಲ್ಲ. ನಾನು ಕಲಿತದ್ದು ಮಂಗಳೂರಿನ ಕಾನ್ವೆಂಟಿನಲ್ಲಿ, ಉಳಿದದ್ದು ಅದರ ಬೋರ್ಡಿಂಗಿನಲ್ಲಿ. ಶನಿವಾರ ಬಂತೆಂದರೆ ಸಿಸ್ಟರ್ ನಮ್ಮ ಟ್ರಂಕುಗಳನ್ನು ಸಾಲಾಗಿ ತೆರೆಸಿ ನೋಡುತ್ತಿದ್ದರು. ಉಗುರಿನ ಬಣ್ಣ, ಸಿನೆಮಾ ಪತ್ರಿಕೆ, ಹುಣಸೆಹುಳಿಯ ಉಂಡೆ, ಯಾವುದೂ ಇರಕೂಡದು. ನನ್ನ ಟ್ರಂಕಿನಲ್ಲಿ ಒಂದು ಸಲವೂ ಏನೂ ಸಿಗಲಿಲ್ಲ. ಇಸ್ತ್ರಿ ಮಾಡಿದ ಪಿನಾಫೋರು, ಬಿಳಿಯ ರಿಬ್ಬನ್ನು, ನಾಲ್ಕು ಮಡಿಕೆಯ ಕರವಸ್ತ್ರ, ಅಷ್ಟೇ. "ಇದನ್ನು ನೋಡಿ ಕಲಿಯಿರಿ" ಎಂದು ಸಿಸ್ಟರ್ ಉಳಿದ ಹುಡುಗಿಯರನ್ನು ಕರೆದು ನನ್ನ ಟ್ರಂಕು ತೋರಿಸುತ್ತಿದ್ದರು. ಆ ಹುಡುಗಿಯರು ಈಗಲೂ ನನ್ನನ್ನು ಮಾತಾಡಿಸುವುದಿಲ್ಲ.

ಎಚ್ಚರಿಕೆಯ ಸಂದೇಶ

ಕಳೆದ ಚಳಿಗಾಲದಲ್ಲಿ ಈ ಫೋನಿನ ವಿಷಯ ನಮಗೆ ಬರೀ ಹರಟೆಯಾಗಿರಲಿಲ್ಲ. ನಮ್ಮವರ ಯಕ್ಷಗಾನ ತಂಡಕ್ಕೆ ದುಬೈಯಿಂದ ಕರೆ ಬಂದಿತ್ತು, ಅದೂ ದೇವಿಮಹಾತ್ಮೆಗೆ.

ನನ್ನ ಗಂಡ ಇಲ್ಲೇ ಹತ್ತಿರದ ರುವಿಯ ಒಂದು ಕಛೇರಿಯಲ್ಲಿ ಕೆಲಸ ಮಾಡುವ ಮೆತ್ತಗಿನ ಮನುಷ್ಯ. ಊಟಕ್ಕೆ ಕುಳಿತಾಗ ಉಪ್ಪು ಬೇಕಾದರೂ ಕೇಳುವುದಿಲ್ಲ, ಉಪ್ಪಿನ ಡಬ್ಬಿಯನ್ನು ನೋಡುತ್ತಾ ಕುಳಿತಿರುತ್ತಾರೆ. ಯಕ್ಷಗಾನದ ಹುಚ್ಚು ಚಿಕ್ಕಂದಿನಿಂದ ಇದೆ. ಆದರೆ ಇಷ್ಟು ವರ್ಷ ಇವರಿಗೆ ಸಿಕ್ಕಿದ್ದೆಲ್ಲ ದೂತನ ವೇಷ. ಓಡಿಬಂದು "ಒಡೆಯಾ, ಶತ್ರುಗಳು ಬಂದರು" ಎನ್ನುವುದು, ಓಡಿಹೋಗುವುದು. ಈ ಸಲ ಮಹಿಷಾಸುರನ ವೇಷ ಹಾಕುವವರಿಗೆ ಮೊಣಕಾಲು ನೋವು ಬಂದು, ಆ ವೇಷ ಇವರ ಪಾಲಿಗೆ ಬಂತು. ಇವರು ನೆಲದ ಮೇಲೆ ನಡೆಯುವುದನ್ನೇ ಬಿಟ್ಟರು. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ಮುಖವಿಟ್ಟು ಆರ್ಭಟೆ ಅಭ್ಯಾಸ ಮಾಡಿದರು. ಮೇಲಿನ ಮನೆಯವರು ಕೆಳಗಿನ ಮನೆಯ ನೀರಿನ ಪೈಪು ಒಡೆದಿದೆ ಎಂದು ವಾಚ್‌ಮನ್‌ಗೆ ದೂರು ಕೊಟ್ಟರು.

ದೇವಿಯ ಸಿಂಹಕ್ಕೆ ಜನ ಕಡಿಮೆ ಬಿದ್ದರು. ಆ ವೇಷ ಎರಡನೇ ಮಹಡಿಯ ಮೈಸೂರಿನ ಇಂಜಿನಿಯರರಿಗೆ ಹೋಯಿತು. ಸಿಂಹಕ್ಕೆ ಮಾತಿಲ್ಲ, ಹಾಡಿಲ್ಲ. ತುಳುವೂ ಬಾರದ, ತಾಳವೂ ತಿಳಿಯದ ಮೈಸೂರಿನವರಿಗೆ ಹೇಳಿ ಮಾಡಿಸಿದ ವೇಷ. ಒಂದೇ ತೊಂದರೆ ಎಂದರೆ ಅವರ ಘರ್ಜನೆ. ಯಾರ ಮನೆಗೋ ಹೋಗಿ, ಬಾಗಿಲಲ್ಲಿ ನಿಂತು, ಒಳಗೆ ಬರಬಹುದೇ ಎಂದು ಕೆಮ್ಮಿದಂತೆ ಇತ್ತು. ಭಾಗವತರು ಹೇಳಿಕೊಟ್ಟು ಹೇಳಿಕೊಟ್ಟು ಕೈಬಿಟ್ಟರು.

ಈ ಸಿಂಹವೇ ಒಂದು ದಿನ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಎಚ್ಚರಿಕೆ ಹಾಕಿದ್ದು. "ಗಡಿಯಲ್ಲಿ ಫೋನ್ ಚೆಕ್ ಮಾಡ್ತಾ ಇದ್ದಾರೆ. ಈ ಕೆಳಗಿನಂಥ ಚಿತ್ರ ಯಾರ ಫೋನಲ್ಲೂ ಇರಬಾರದು." ಕೆಳಗೆ ತಿಳಿವಳಿಕೆಗಾಗಿ ಚಿತ್ರಗಳು: ಬಂದೂಕು, ಬಾಟಲಿ, ಗಸಗಸೆಯ ರಾಶಿ. ಗುಂಪಿಗೆ ಬಂದ ಚಿತ್ರ ತಾನಾಗಿಯೇ ಎಲ್ಲರ ಫೋನಿಗೂ ಇಳಿಯುತ್ತದೆಯಲ್ಲ? ಅಲ್ಲಿಯ ತನಕ ಬಂದೂಕು ಕಂಡೇ ಇರದ ಫೋನುಗಳಲ್ಲೂ ಬಂದೂಕು ಬಂದು ಕುಳಿತಿತು.

ನಾನು ತಕ್ಷಣ ಫೋನ್ ಮಾಡಿದೆ. "ಏನಿದು? ಇರಬಾರದ್ದನ್ನು ನೀವೇ ಮನೆಮನೆಗೆ ಹಂಚಿದ್ದೀರಲ್ಲ?"

"ಅಯ್ಯೋ, ಸಾರಿ ಮೇಡಂ. ಈಗಲೇ ಸರಿ ಮಾಡ್ತೀನಿ."

ಸರಿ ಮಾಡಿದರು. "ಮೇಲಿನ ಚಿತ್ರಗಳನ್ನು ದಯವಿಟ್ಟು ಅಳಿಸಿ" ಎಂದು ಬರೆದು, ಯಾವ ಚಿತ್ರಗಳು ಎಂದು ಯಾರಿಗೂ ಗೊಂದಲವಾಗಬಾರದೆಂದು, ಅವನ್ನೇ ಕೆಂಪು ಸುತ್ತು ಹಾಕಿ ಇನ್ನೊಮ್ಮೆ ಕಳಿಸಿದರು.

ಬರೀ ಬೆಳಗು

ಅದೇ ವಾರ ಮೂರನೇ ಮಹಡಿಯ ಉಡುಪಿಯ ಅಕ್ಕನ ಅತ್ತೆ ಊರಿನಿಂದ ಬಂದರು. ಎಪ್ಪತ್ತು ದಾಟಿದ ಅಮ್ಮ. ಒಬ್ಬರೇ ವಿಮಾನದಲ್ಲಿ ಬಂದರು. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಅವರ ಚೀಲದಲ್ಲಿದ್ದ ರಾಗಿಯ ಕಟ್ಟನ್ನು ನೋಡಿ, ಇದು ಗಸಗಸೆ ಇರಬಹುದೇ ಎಂದು ತಡೆದರಂತೆ. ಕಟ್ಟು ಒಳಗೆ ಪರೀಕ್ಷೆಗೆ ಹೋಯಿತು. ಅಷ್ಟರಲ್ಲಿ ಒಬ್ಬ ಯುವ ಅಧಿಕಾರಿ ಹಿಂದಿಯಲ್ಲಿ, "ಮಾಮಾ, ಫೋನು ಸ್ವಲ್ಪ ತೋರಿಸಿ" ಎಂದು ಕೇಳಿದ. ಇಲ್ಲಿ ವಯಸ್ಸಾದ ಹೆಂಗಸರನ್ನು ಗೌರವದಿಂದ ಮಾಮಾ ಎನ್ನುತ್ತಾರೆ.

ಬೇರೆಯವರಾಗಿದ್ದರೆ ಹೆದರುತ್ತಿದ್ದರು. ಅಮ್ಮನಿಗೆ ಖುಷಿಯಾಯಿತು. ಮನೆಯಲ್ಲಿ ಅವರ ಫೋನನ್ನು ಯಾರೂ ನೋಡುವುದಿಲ್ಲ. ಮಗ ನೋಡುವುದಿಲ್ಲ, ಸೊಸೆ ನೋಡುವುದಿಲ್ಲ, ಮೊಮ್ಮಕ್ಕಳಂತೂ ಇಂಗ್ಲಿಷಿನಲ್ಲಿ ಲೇಟರ್ ಅಜ್ಜಿ ಅನ್ನುತ್ತಾರೆ. ಇಲ್ಲಿ ಒಬ್ಬ ಸರಕಾರದವನೇ ಕೇಳಿ ನೋಡುತ್ತಿದ್ದಾನೆ! ಅಮ್ಮ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತರಂತೆ.

ಅಧಿಕಾರಿ ಬೆರಳು ಸರಿಸಿದ. ಗುಲಾಬಿ ಹೂವು, ಗುಡ್ ಮಾರ್ನಿಂಗ್. ಇನ್ನೊಮ್ಮೆ ಸರಿಸಿದ. ಸೂರ್ಯೋದಯ, ಶುಭೋದಯ. ಗಣಪತಿ, ಶುಭೋದಯ. ಚಹಾದ ಲೋಟ, ಗುಡ್ ಮಾರ್ನಿಂಗ್. ಸರಿಸಿದಷ್ಟೂ ಬೆಳಗಾಯಿತು.

"ಮಾಮಾ, ಬರೀ ಬೆಳಗೇ ಇದೆಯಲ್ಲ. ನಿಮ್ಮ ಊರಲ್ಲಿ ಸಂಜೆ ಆಗುವುದಿಲ್ಲವಾ?"

"ಉಂಟು ಮಗಾ, ಅದು ಇನ್ನೂ ಕೆಳಗೆ ಉಂಟು. ಮೊದಲು ಇದು ನೋಡು" ಎಂದು ಅಮ್ಮ ಮೊಮ್ಮಗನ ಅನ್ನಪ್ರಾಶನದ ವಿಡಿಯೋ ಹಾಕಿದರು. ಅದು ಉದ್ದದ ವಿಡಿಯೋ. ಮಗು ಅನ್ನ ಉಗುಳುವ ಭಾಗ ಕೊನೆಗೆ ಬರುತ್ತದೆ. ಅಧಿಕಾರಿ ನಡುವೆ ಎದ್ದರೆ ಕೈಹಿಡಿದು ಕೂರಿಸಿದರಂತೆ.

"ಖಲಾಸ್ ಮಾಮಾ, ಎಲ್ಲ ಸರಿ ಇದೆ. ಯಲ್ಲಾ, ಹೋಗಿ."

"ಎಂತ ಖಲಾಸ್? ಸೀಮಂತದ್ದು ನೋಡಲೇ ಇಲ್ಲವಲ್ಲ ನೀನು!"

ರಾಗಿ ರಾಗಿಯೇ ಎಂದು ತೀರ್ಮಾನವಾಗಿ ಕಟ್ಟು ವಾಪಸು ಬಂತು. ಅಮ್ಮ ಹೊರಡುವಾಗ ಹುಡುಗನ ನಂಬರು ಕೇಳಿದರು, ದಿನಾ ಬೆಳಿಗ್ಗೆ ಒಂದು ಹೂವು ಕಳಿಸಲಿಕ್ಕೆ. ಅವನು ನಕ್ಕು, ಹಾಗೆ ಕೊಡಲು ನಿಯಮ ಇಲ್ಲ ಎಂದ. ಅಮ್ಮ ಮನೆಗೆ ಬಂದು ನಮಗೆಲ್ಲ ಹೇಳಿದ್ದು ಹೀಗೆ: "ಪಾಪದ ಹುಡುಗ. ಊರಿನವರ ಫೋನೆಲ್ಲ ತೆರೆಯುವ ಅಧಿಕಾರ ಕೊಟ್ಟಿದ್ದಾರೆ, ಅವನ ಫೋನಿನ ನಂಬರು ಕೊಡುವ ಅಧಿಕಾರ ಮಾತ್ರ ಕೊಡಲಿಲ್ಲ ನೋಡಿ."

ಖಾಲಿ ಫೋನು

ಅಮ್ಮನ ಕಥೆ ಕೇಳಿ ಎಲ್ಲರೂ ನಕ್ಕರು. ಸಿಂಹ ನಗಲಿಲ್ಲ. ಅವರಿಗೆ ಮರುದಿನವೇ ಕಂಪನಿಯ ಕೆಲಸದ ಮೇಲೆ ದುಬೈಗೆ ಹೋಗಲಿಕ್ಕಿತ್ತು. ಹೆದರಿಕೆಯಲ್ಲಿ ಆ ಸಂಜೆ ಫೋನಿನಲ್ಲಿದ್ದ ಎಲ್ಲವನ್ನೂ ಅಳಿಸಿಬಿಟ್ಟರು. ಯಾವುದು ನಿಷೇಧಿತ, ಯಾವುದು ಅಲ್ಲ ಎಂದು ಯೋಚಿಸುವ ಕಷ್ಟವೇ ಬೇಡವೆಂದು ಚಿತ್ರ, ಸಂದೇಶ, ನಂಬರು, ಎಲ್ಲ ಗುಡಿಸಿ ಹಾಕಿದರು. ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗಾಯಿತು ಫೋನು.

ಗಡಿಯಲ್ಲಿ ಅಧಿಕಾರಿ ಸುಮ್ಮನೆ ಒಮ್ಮೆ ತೆರೆಸಿ ನೋಡಿದ. ನೋಡಿದವನು ನೆಟ್ಟಗೆ ಕುಳಿತ.

"ಫೋಟೋ?"

"ಇಲ್ಲ ಸಾರ್."

"ಮೆಸೇಜು?"

"ಇಲ್ಲ ಸಾರ್."

"ಮದುವೆ ಆಗಿದೆಯಾ?"

"ಆಗಿದೆ ಸಾರ್."

"ಹೆಂಡತಿಯ ಫೋಟೋ?"

"ಅಳಿಸಿದೆ ಸಾರ್."

"ಯಾಕೆ? ಅವರು ನಿಷೇಧಿತ ವಸ್ತುವಾ?"

ಇಷ್ಟು ಸ್ವಚ್ಛವಾದ ಫೋನನ್ನು ತಾನು ಈ ಕುರ್ಚಿಯಲ್ಲಿ ಕುಳಿತ ಮೇಲೆ ನೋಡಿಲ್ಲ, ಹೆಂಡತಿಗೆ ಫೋನ್ ಹಚ್ಚು ಎಂದ ಅಧಿಕಾರಿ. ಹೆಂಡತಿಯ ನಂಬರೂ ಅಳಿಸಿಹೋಗಿತ್ತು. ಈ ಕಾಲದಲ್ಲಿ ಹೆಂಡತಿಯ ನಂಬರು ಯಾರಿಗೆ ಬಾಯಿಪಾಠ ಬರುತ್ತದೆ? ಅವರಿಗೆ ಬಾಯಿಗೆ ಬರುತ್ತಿದ್ದದ್ದು ಗ್ಯಾಸ್ ಸಿಲಿಂಡರಿನವನ ನಂಬರು ಮಾತ್ರ. ಅವನಿಗೆ ಫೋನ್ ಮಾಡಿ, ನನ್ನ ಹೆಂಡತಿಯ ನಂಬರು ಕೊಡಪ್ಪಾ ಎಂದು ಕೇಳಿದರು. ಇದರಿಂದ ಅಧಿಕಾರಿಯ ಸಂಶಯ ಕಡಿಮೆಯಾಗಲಿಲ್ಲ.

ಕೊನೆಗೂ ನಂಬರು ಸಿಕ್ಕಿ ವಿಡಿಯೋದಲ್ಲಿ ಹೆಂಡತಿಯ ಮುಖ ಬಂತು. ಅಧಿಕಾರಿ ವಿಷಯ ಹೇಳಿ, "ಇವರು ನಿಮ್ಮ ಗಂಡನಾ?" ಎಂದು ಕೇಳಿದ.

"ನನ್ನ ಫೋಟೋ ಎಲ್ಲಾ ಅಳಿಸಿದ್ದಾರಾ?"

"ಹೌದು ಮೇಡಂ."

"ಮದುವೆಯದ್ದು?"

"ಅದೂ ಇಲ್ಲ."

"ಮಗು ಮೊದಲ ಸಲ ನಡೆದಿದ್ದು?"

"ಏನೂ ಇಲ್ಲ ಮೇಡಂ. ಖಾಲಿ."

"ಇಂಥವರು ಯಾರೂ ನಂಗೊತ್ತಿಲ್ಲ. ಅಲ್ಲೇ ಇಟ್ಕೊಳ್ಳಿ" ಎಂದು ಅವರು ಫೋನ್ ಇಟ್ಟರು.

ಅಧಿಕಾರಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕೈಗಿಟ್ಟ. "ಖಲಾಸ್, ಹೋಗಿ. ಇದು ಖಂಡಿತ ಹೆಂಡತಿಯೇ."

ಶುಕ್ರವಾರದ ತಪಾಸಣೆ

ಹೀಗೆ, ತುಂಬಿದ ಫೋನೂ ಅಪಾಯ, ಖಾಲಿ ಫೋನೂ ಅಪಾಯ ಎಂದು ಎಲ್ಲರಿಗೂ ಮನದಟ್ಟಾಯಿತು. ಯಾವುದು ಇರಬೇಕು, ಯಾವುದು ಇರಬಾರದು ಎಂದು ಹೇಳುವ ಒಬ್ಬರು ಬೇಕಾದರು. ನಾನು ಮತ್ರಾ ಪೇಟೆಯ ಒಂದು ಹಳೆಯ ವ್ಯಾಪಾರಿ ಕಛೇರಿಯಲ್ಲಿ ಫೈಲುಗಳ ಉಸ್ತುವಾರಿ ನೋಡುವವಳು. ಅಜ್ಜನ ಕಾಲದ ಕಾಗದ ಕೇಳಿದರೂ ಕುಳಿತಲ್ಲಿಂದಲೇ ಕೈಚಾಚಿ ತೆಗೆದುಕೊಡುತ್ತೇನೆ. ಸಹಜವಾಗಿ ಎಲ್ಲರೂ ನನ್ನತ್ತ ನೋಡಿದರು. ಯಾರೂ ನೋಡುವ ಮೊದಲೇ ನಾನು ಒಪ್ಪಿದ್ದೆ ಎಂದು ನನ್ನ ಗಂಡ ಹೇಳುತ್ತಾರೆ. ಅದು ಮುಖ್ಯವಲ್ಲ.

ಶುಕ್ರವಾರ ರಜೆ. ಬೆಳಿಗ್ಗೆ ತಿಂಡಿಯಾದ ಮೇಲೆ ನಮ್ಮ ಹಾಲಿನಲ್ಲಿ ತಪಾಸಣೆ. ಸಾಲಾಗಿ ಬರಬೇಕು, ಫೋನು ಒರೆಸಿಕೊಂಡು ಬರಬೇಕು, ಚಾರ್ಜು ಇರಬೇಕು. ನನಗೆ ಕೊಳಕು ಗಾಜು ಆಗದು.

ಸಿಂಹದ ಫೋನಿನಲ್ಲಿ ಏನೂ ಇರಲಾರದು ಎಂದುಕೊಂಡಿದ್ದೆ. ಆದರೆ ಅಳಿಸಿದ್ದೆಲ್ಲ ಕಂಪ್ಯೂಟರಿನಿಂದ ತಿರುಗಿ ಬಂದಿತ್ತು. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಬಲೂನಿಗೆ ಗುರಿಯಿಟ್ಟು ಬಂದೂಕು ಹಿಡಿದ ಚಿತ್ರ ಒಂದು. ಸೊಹಾರು ಪಟ್ಟಣದ ಕಾರ್ಖಾನೆಯ ಬಾಗಿಲಲ್ಲಿ "ಇಲ್ಲಿ ಫೋಟೋ ತೆಗೆಯುವುದನ್ನು ನಿಷೇಧಿಸಲಾಗಿದೆ" ಎಂಬ ಫಲಕದ ಫೋಟೋ ಇನ್ನೊಂದು.

"ಇದನ್ನು ಯಾಕೆ ತೆಗೆದಿರಿ?"

"ಅಲ್ಲಿ ಫೋಟೋ ತೆಗೀಬಾರದು ಅಂತ ನಮ್ಮ ಹುಡುಗರಿಗೆ ತೋರಿಸೋಕೆ, ಮೇಡಂ."

ಮೂರನೇ ಮಹಡಿಯ ಅಕ್ಕನ ಫೋನಿನಲ್ಲಿ ಊರಿನ ಅಡುಗೆಮನೆಯ ಗಸಗಸೆ ಡಬ್ಬಿ ಸಿಕ್ಕಿತು. ಪಾಯಸ ನೆನಪಾದಾಗ ನೋಡಲಿಕ್ಕಂತೆ.

ನನ್ನ ಕ್ರಮ ಹೀಗಿತ್ತು. ಇರಬಾರದ ಚಿತ್ರ ಕಂಡರೆ ಮೊದಲು ಅದನ್ನು ಮಾದರಿಗಾಗಿ ನನ್ನ ಫೋನಿಗೆ ಕಳಿಸಿಕೊಳ್ಳುವುದು, ಆಮೇಲೆ ಅವರ ಫೋನಿನಿಂದ ಅಳಿಸುವುದು. ಮುಂದೆ ಬರುವವರಿಗೆ ಮಾದರಿ ತೋರಿಸದೆ ಹೇಗೆ ಕಲಿಸುವುದು? ಆ ಚಿತ್ರಗಳಿಗೆ ನನ್ನ ಫೋನಿನಲ್ಲಿ ಬೇರೆಯೇ ಆಲ್ಬಮ್ ಮಾಡಿ, ಯಾವ ಮಹಡಿ, ಯಾವ ಮನೆ ಎಂದು ಗುರುತು ಹಾಕಿ ಇಟ್ಟೆ.

"ಮೇಡಂ, ನಿಮ್ಮ ಫೋನು ಯಾರು ನೋಡ್ತಾರೆ?" ಎಂದು ಸಿಂಹ ಕೇಳಿದರು.

"ನನ್ನ ಫೋನನ್ನು ನೋಡುವ ಅಗತ್ಯ ಇಲ್ಲ" ಎಂದೆ.

ಕೊನೆಗೆ ನನ್ನ ಗಂಡನ ಸರದಿ. ಅವರ ಫೋನಿನಲ್ಲಿ ಇದ್ದದ್ದು ಕಡಲದಂಡೆಯ ಕಾರ್ನಿಶ್ ರಸ್ತೆಯಿಂದ ಕಂಡ ಸಮುದ್ರ, ಕಾಗದದ ಹೂವು, ಇಡ್ಲಿ. ಮತ್ತೆ ಒಂದೇ ಒಂದು ವೇಷದ ಚಿತ್ರ. ಮಸ್ಕತ್ತಿನ ಒಂದು ಸಭಾಂಗಣದಲ್ಲಿ ಪೂರ್ತಿ ಬಣ್ಣ ಹಚ್ಚಿ ಅಭ್ಯಾಸ ಮಾಡಿದ ದಿನ ತೆಗೆದದ್ದು. ತಲೆಯಲ್ಲಿ ಕೊಂಬು, ಕೈಯಲ್ಲಿ ಕತ್ತಿ, ಬಾಯಿಯ ಸುತ್ತ ರಕ್ತದ ಕೆಂಪು.

"ಇದು ಹೋಗಬೇಕು" ಎಂದೆ.

"ಅದೊಂದೇ ಇರುವುದು ಮಾರಾಯ್ತಿ. ದೂತನ ಫೋಟೋ ಯಾರೂ ತೆಗೆಯಲಿಲ್ಲ ಇಷ್ಟು ವರ್ಷ."

"ಆಯುಧ ಉಂಟು, ರಕ್ತ ಉಂಟು. ಎರಡನೇ ಮಹಡಿಯವರಿಗೆ ಒಂದು ನಿಯಮ, ನಿಮಗೊಂದು ನಿಯಮ ಮಾಡಲಿಕ್ಕಾಗುತ್ತದಾ?"

ಮಾದರಿ ತೆಗೆದುಕೊಂಡು ಅಳಿಸಿದೆ. ಇವರು ಖಾಲಿ ಜಾಗವನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದರು: "ದೇವಿ ಬರುವವರೆಗೆ ಕಾಯುವ ಕೆಲಸವೇ ಇಲ್ಲ. ಮಹಿಷಾಸುರನನ್ನು ಕೊಲ್ಲಲಿಕ್ಕೆ ಮನೆಯಲ್ಲೇ ಜನ ಉಂಟು."

ಇವತ್ತಿಗೆ

ಹೊರಡುವ ದಿನ ತಂಡದವರೆಲ್ಲ ಮುಂಜಾನೆಯ ಬಸ್ಸಿನಲ್ಲಿ ಹೋದರು. ಕಿರೀಟ, ಚೆಂಡೆ, ಆಭರಣ ಎಲ್ಲ ಬಸ್ಸಿನಲ್ಲಿ. ಆದರೆ ಕೊಂಬನ್ನು ಬಸ್ಸಿಗೆ ಹಾಕಲು ಇವರು ಒಪ್ಪಲಿಲ್ಲ. ಬೇಗಡೆ ಕಿತ್ತುಹೋಗುತ್ತದಂತೆ. ಕೊಂಬು, ಮರದ ಕತ್ತಿ, ಕೆಂಪು ಬಣ್ಣದ ಡಬ್ಬಿ ನಮ್ಮ ಕಾರಿನ ಡಿಕ್ಕಿಯಲ್ಲಿ. ಕಾರು ನಡೆಸುವವಳು ನಾನು. ಪಕ್ಕದಲ್ಲಿ ಮಹಿಷಾಸುರ, ಹಿಂದಿನ ಸೀಟಿನಲ್ಲಿ ಸಿಂಹ.

ಬಣ್ಣದ ವೇಷಕ್ಕೆ ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಮಧ್ಯಾಹ್ನದೊಳಗೆ ಮುಖ ಬಣ್ಣಕ್ಕೆ ಕೊಡದಿದ್ದರೆ ದುಬೈಯ ತಂಡದ ಒಬ್ಬರಿಗೆ ಮಹಿಷಾಸುರನ ಬಣ್ಣ ಹಚ್ಚುವುದೆಂದು ಮೊದಲೇ ಹೇಳಿದ್ದರು. ಆ ಒಬ್ಬರು ಆಗಲೇ ಮೀಸೆ ಬೋಳಿಸಿಕೊಂಡು ಕುಳಿತಿದ್ದಾರೆ ಎಂದು ಬಸ್ಸಿನವರು ದಾರಿಯಲ್ಲಿ ಫೋನ್ ಮಾಡಿ ತಿಳಿಸಿದರು. ಸೊಹಾರು ದಾಟುವವರೆಗೂ ಇವರು, "ಸ್ವಲ್ಪ ಜೋರು ಬಿಡು" ಎನ್ನುತ್ತಿದ್ದರು. ನಾನು ಬಿಡಲಿಲ್ಲ. ಫಲಕದಲ್ಲಿ ಬರೆದಷ್ಟೇ ನನ್ನ ವೇಗ.

ಗಡಿಯಲ್ಲಿ ಒಮಾನಿನ ಬದಿಯಲ್ಲೇ ನಮ್ಮ ಕಾರನ್ನು ಪಕ್ಕಕ್ಕೆ ಹಾಕಿಸಿದರು. ಅಧಿಕಾರಿ ಡಿಕ್ಕಿ ತೆರೆಸಿ ಒಳಗೆ ಬಗ್ಗಿದ. ಬಗ್ಗಿದವನು ನಿಧಾನಕ್ಕೆ ನೆಟ್ಟಗಾದ. ಹಿಂದಿ ಚೆನ್ನಾಗಿ ಬರುತ್ತಿತ್ತು ಅವನಿಗೆ.

"ಇದು ಏನು?"

"ಕೊಂಬು" ಎಂದರು ನನ್ನ ಗಂಡ.

"ಯಾವ ಪ್ರಾಣಿಯದ್ದು?"

"ನನ್ನದು ಸಾರ್."

ಅಧಿಕಾರಿ ಇವರ ತಲೆಯನ್ನು ನೋಡಿದ. ಕೂದಲೂ ಇರಲಿಲ್ಲ ಅಲ್ಲಿ.

ನಾನು ಮುಂದೆ ಬಂದು, ಇದು ನಮ್ಮ ಊರಿನ ಆಟ, ಇವರು ರಾಕ್ಷಸನ ವೇಷ ಮಾಡುತ್ತಾರೆ, ಸಂಜೆ ದುಬೈಯಲ್ಲಿ ಪ್ರದರ್ಶನ ಇದೆ ಎಂದು ವಿವರಿಸಿದೆ. "ಸರಿ ಮೇಡಂ, ವೇಷದ ಒಂದು ಫೋಟೋ ತೋರಿಸಿ, ಹೋಗಿ" ಎಂದ. ಒಳ್ಳೆಯ ಹುಡುಗ. ಇವರ ಫೋನು ತೆಗೆದುಕೊಂಡ. ಸಮುದ್ರ, ಹೂವು, ಇಡ್ಲಿ. ಸಿಂಹದ ಫೋನು ತೆಗೆದುಕೊಂಡ. ಖಾಲಿ ಫೋನಿನ ಪ್ರಕರಣವಾದ ಮೇಲೆ ಅದರ ತುಂಬ ಹೆಂಡತಿ. ಎದುರಿನಿಂದ ಹೆಂಡತಿ, ಪಕ್ಕದಿಂದ ಹೆಂಡತಿ, ಅಡುಗೆಮನೆಯಲ್ಲಿ ಹೆಂಡತಿ.

"ಇದರಲ್ಲಿ ಕೊಂಬು ಇಲ್ಲ" ಎಂದ ಅಧಿಕಾರಿ.

ಇವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಉಪ್ಪಿನ ಡಬ್ಬಿಯನ್ನು ನೋಡುವ ಹಾಗೆ ನೋಡಿದರು, ಅಷ್ಟೇ. ಆಗ ನನಗೆ ನೆನಪಾಯಿತು. ಮಾದರಿ ಇದೆಯಲ್ಲ!

"ನನ್ನ ಫೋನು ನೋಡಿ" ಎಂದು ಕೊಟ್ಟೆ. ತಲೆಯೆತ್ತಿಯೇ ಕೊಟ್ಟೆ.

ಅವನು ತೆರೆದ. ಮೊದಲಿಗೇ ಕಂಡದ್ದು ನನ್ನ ಆಲ್ಬಮ್. ಎಲ್ಲರಿಗೂ ಸ್ಪಷ್ಟವಾಗಿರಲೆಂದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ "ನಾಟ್ ಅಲೌಡ್" ಎಂದು ಹೆಸರಿಟ್ಟಿದ್ದೆ. ಅವನು ಒಳಗೆ ಹೋದ. ಬಂದೂಕು. ಗಸಗಸೆ. ನಾಲ್ಕನೇ ಮಹಡಿಯವರ ಗೋವಾ ಪ್ರವಾಸದ ಬಾಟಲಿಗಳು. ಫೋಟೋ ತೆಗೆಯಬಾರದೆಂಬ ಫಲಕದ ಫೋಟೋ. ಎಲ್ಲದಕ್ಕೂ ಮನೆಯ ಸಂಖ್ಯೆ.

"ಮೇಡಂ, ಇದೆಲ್ಲ ಏನು?"

"ಇರಬಾರದ ಚಿತ್ರಗಳು."

"ಇರಬಾರದ್ದು ಯಾಕೆ ಇಟ್ಟುಕೊಂಡಿದ್ದೀರಿ?"

"ಇರಬಾರದು ಎಂದು ತೋರಿಸಲಿಕ್ಕೆ."

"ಯಾರಿಗೆ?"

"ಇಟ್ಟುಕೊಂಡವರಿಗೆ."

"ಅವರ ಹತ್ತಿರ ಈಗಲೂ ಇದೆಯಾ?"

"ಛೆ, ಛೆ. ನಾನೇ ನಿಂತು ಅಳಿಸಿದ್ದೇನೆ."

"ಹಾಗಾದರೆ ನಿಮ್ಮ ಇಡೀ ಕಟ್ಟಡದಲ್ಲಿ ಇಂಥ ಚಿತ್ರಗಳು ಈಗ ಇರುವುದು ಎಲ್ಲಿ?"

ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. "ನಮ್ಮ ಇಡೀ ಕಟ್ಟಡದಲ್ಲಿ ಇಂಥ ಚಿತ್ರಗಳು ಈಗ ಇರುವುದು ನನ್ನ ಫೋನಿನಲ್ಲಿ ಮಾತ್ರ" ಎಂದೆ. ವಾಕ್ಯ ಮುಗಿಯುವಷ್ಟರಲ್ಲಿ ಅದು ನನಗೂ ಕೇಳಿಸಿತು.

ಅವನು ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದ. ಬಿಳಿ ಗಡ್ಡದ ಗಂಭೀರ ಮನುಷ್ಯ. ಅವರು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಫಲಕದ ಫೋಟೋ ಬಂದಾಗ ಗಡ್ಡ ಸ್ವಲ್ಪ ಅಲುಗಿತು. ಕೊನೆಯಲ್ಲಿ ಮಹಿಷಾಸುರ. ಅವರು ಚಿತ್ರವನ್ನು ನೋಡಿದರು, ನನ್ನ ಗಂಡನನ್ನು ನೋಡಿದರು, ಪುನಃ ಚಿತ್ರವನ್ನು ನೋಡಿದರು.

"ಇದು ಇವರಾ? ಸಾಧ್ಯವೇ ಇಲ್ಲ."

"ಇವರೇ" ಎಂದೆ.

"ಹಾಗಾದರೆ ಮಾಡಿ ತೋರಿಸಲಿ."

ಇವರು ಹೋಗಿ ಡಿಕ್ಕಿಯಿಂದ ಕೊಂಬು ತೆಗೆದು ತಲೆಗೆ ಕಟ್ಟಿಕೊಂಡರು. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಪೆನ್ನು, ತಲೆಯಲ್ಲಿ ಕೊಂಬು. ಕಣ್ಣು ಮುಚ್ಚಿ ಒಂದು ಕ್ಷಣ ನಿಂತರು. ಆಮೇಲೆ ಆರ್ಭಟೆ ಕೊಟ್ಟರು.

ಬಕೆಟ್ಟಿನಲ್ಲಿ 'ಪೈಪು ಒಡೆದ' ಸದ್ದು ಮಾತ್ರ ಕೇಳಿದ್ದ ನನಗೆ ಬಯಲಿನಲ್ಲಿ ಅದು ಹೀಗಿರುತ್ತದೆಂದು ಗೊತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಪಿಕಪ್ ಗಾಡಿಯ ತುಂಬ ಆಡುಗಳಿದ್ದವು. ಅಲ್ಲಿಯವರೆಗೆ ಒಂದೇ ಸಮನೆ ಅರಚುತ್ತಿದ್ದ ಅವು ಪೂರಾ ಸುಮ್ಮನಾದವು. ಕೌಂಟರುಗಳಿಂದ ಅಧಿಕಾರಿಗಳು ಇಣುಕಿದರು. ಟ್ರಕ್ಕಿನ ಡ್ರೈವರು ಒಬ್ಬ ಚಪ್ಪಾಳೆ ತಟ್ಟಿ, "ಇನ್ನೊಮ್ಮೆ!" ಎಂದ. ಇವರು ಇನ್ನೊಮ್ಮೆ ಕೊಟ್ಟರು. ಯಾರೂ ಕೇಳದಿದ್ದರೂ ಮೂರನೆಯ ಸಲವೂ ಕೊಟ್ಟರು. ಒಟ್ಟಿಗೆ ಇಷ್ಟು ವರ್ಷದ ಬಾಕಿ ಇತ್ತೇನೋ.

ಮೇಲಧಿಕಾರಿ ಸಿಂಹದತ್ತ ತಿರುಗಿದರು. "ನೀವು?"

"ಸಿಂಹ ಸಾರ್."

"ಮಾಡಿ."

ಸಿಂಹ ಘರ್ಜಿಸಿತು.

"ಇವರಿಗೆ ಯಾರಾದರೂ ನೀರು ಕೊಡಿ" ಎಂದರು ಮೇಲಧಿಕಾರಿ.

ಆಮೇಲೆ ನನ್ನನ್ನು ಎದುರು ನಿಲ್ಲಿಸಿ, ಒಂದೊಂದೇ ಚಿತ್ರ ಅಳಿಸಲು ಹೇಳಿದರು. ಶುಕ್ರವಾರ ನಾನು ಎಲ್ಲರನ್ನೂ ನಿಲ್ಲಿಸಿದ ಹಾಗೆಯೇ. ಬಂದೂಕು ಹೋಯಿತು, ಗಸಗಸೆ ಹೋಯಿತು, ಗೋವಾ ಹೋಯಿತು. ಕೊನೆಗೆ ಉಳಿದದ್ದು ಮಹಿಷಾಸುರ. ಅವರು ಕೈ ಅಡ್ಡ ಹಿಡಿದರು.

"ಮೇಡಂ, ಈ ಚಿತ್ರದಲ್ಲಿ ನಮಗೆ ಏನೂ ತಪ್ಪು ಕಾಣುವುದಿಲ್ಲ. ಆದರೆ ನಿಮ್ಮ ಪ್ರಕಾರ ಇವರು ನಾಟ್ ಅಲೌಡ್. ನಿಯಮ ನಿಮ್ಮದು. ಹೇಳಿ, ಇವರನ್ನು ಗಡಿ ದಾಟಲು ಬಿಡಬೇಕಾ, ಬೇಡವಾ?"

ಇವರು ಕೊಂಬು ಕಟ್ಟಿಕೊಂಡೇ ನನ್ನನ್ನು ನೋಡುತ್ತಾ ನಿಂತಿದ್ದರು. ಆಡುಗಳೂ ನೋಡುತ್ತಿದ್ದವು. ನಿಯಮ ಮಾಡಿದವಳು ನಾನೇ. ಎಲ್ಲರ ಎದುರು ತಪ್ಪೆಂದು ಒಪ್ಪಿಕೊಳ್ಳುವುದು ನನ್ನ ಅಭ್ಯಾಸವಲ್ಲ.

"ಇವತ್ತಿಗೆ ಬಿಡಿ" ಎಂದೆ.

ಅಲ್ಲಿಂದ ಮುಂದೆ ಫಲಕದಲ್ಲಿ ಬರೆದಷ್ಟು ವೇಗಕ್ಕೆ ಕೂದಲೆಳೆಯಷ್ಟೂ ಕಡಿಮೆಯಾಗದಂತೆ ಓಡಿಸಿದೆ. ಹೊತ್ತಿಗೆ ಮುಟ್ಟಿದೆವು. ಮೀಸೆ ಬೋಳಿಸಿಕೊಂಡವರಿಗೆ ದೂತನ ವೇಷ ಸಿಕ್ಕಿತು. ಸಂಜೆ ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ, ನಾವು ಕುಳಿತ ಸಾಲುಗಳ ನಡುವೆ ಆರ್ಭಟಿಸುತ್ತಾ ಬಂದಾಗ ಮಕ್ಕಳು ತಾಯಂದಿರ ಮಡಿಲು ಹತ್ತಿದರು. ನಾನು ಆ ಒಂದು ಚಿತ್ರವನ್ನು ಅಳಿಸಿರಲಿಲ್ಲ. ಅದರ ಜೊತೆಗೆ ಇನ್ನೂ ಸಾಕಷ್ಟು ತೆಗೆದೆ, ಬೇರೆ ಆಲ್ಬಮ್ಮಿನಲ್ಲಿ.

ಮರುದಿನ ವಾಪಸು ಬರುವಾಗ ಇವರಿಗೆ ಗಂಟಲು ಪೂರ್ತಿ ಕಟ್ಟಿತ್ತು. ಕೈಸನ್ನೆಯಲ್ಲೇ ಮಾತು. ಒಮಾನಿನ ಬದಿಯ ಕಿಟಕಿಯಲ್ಲಿ ಅದೇ ಬಿಳಿ ಗಡ್ಡದ ಅಧಿಕಾರಿ ಕುಳಿತಿದ್ದರು. ನಮ್ಮನ್ನು ನೋಡಿ ಮುಖ ಅರಳಿತು. ನನ್ನ ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು. ಸಿಂಹದ್ದಕ್ಕೂ ಬಿತ್ತು. ಇವರ ಪಾಸ್‌ಪೋರ್ಟನ್ನು ತೆರೆದು, ಮುದ್ರೆಯನ್ನು ಮೇಲಕ್ಕೆತ್ತಿ, ಹಾಗೆಯೇ ಹಿಡಿದುಕೊಂಡು ಅವರು ನನ್ನತ್ತ ಬಹಳ ಗಂಭೀರವಾಗಿ ನೋಡಿದರು.

"ಮೇಡಂ, ನೀವು ಇವತ್ತಿಗೆ ಬಿಡಿ ಅಂದದ್ದು ನಿನ್ನೆ. ಇವತ್ತು ಏನು ಮಾಡಲಿ?"

ನಾನು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ, ಭಾಗವತರು ಇಡೀ ಚಳಿಗಾಲ ಹೇಳಿಕೊಟ್ಟರೂ ಬಾರದಿದ್ದ ಘರ್ಜನೆ ಕಾರು ನಡುಗುವಂತೆ ಹೊರಟಿತು. ಸಿಂಹ ನಗುತ್ತಿತ್ತು.